ಟ್ರ್ಯಾಕ್ ರೇಸಿಂಗ್‌ಗೆ ಬೈಕ್ ಹೊಂದಿಸುವುದು, ಓಡಿಸುವುದು: ಯಾವುದು ಮೊದಲು, ಯಾವುದು ಆಮೇಲೆ

"ತಿರುವಿನಲ್ಲಿ ಬೈಕ್ ಹೊರಗೆ ಹೋಗ್ತಿದೆ, ಸಸ್ಪೆನ್ಷನ್ ಎಷ್ಟು ಕ್ಲಿಕ್ ತಿರುಗಿಸಲಿ?" (ಸಸ್ಪೆನ್ಷನ್ ಸ್ಕ್ರೂ ತಿರುಗಿಸುವಾಗ ಟಿಕ್ ಅನ್ನುವ ಒಂದೊಂದು ಹೆಜ್ಜೆಯೇ ಕ್ಲಿಕ್.) ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಟೈರಿನಲ್ಲಿ ಗಾಳಿ ಎಷ್ಟಿದೆ ಅಂತ ನಾನು ತಿರುಗಿ ಕೇಳಿದರೆ ಉತ್ತರ ಇರುವುದಿಲ್ಲ. ಸ್ಯಾಗ್, ಅಂದರೆ ಸವಾರನ ತೂಕಕ್ಕೆ ಸಸ್ಪೆನ್ಷನ್ ಎಷ್ಟು ಕೂರುತ್ತದೆ ಅನ್ನುವುದನ್ನು, ಅಳೆದಿರುವುದಿಲ್ಲ. ಬ್ರೇಕ್ ಎಲ್ಲಿ ಹಿಡಿದಿರಿ ಅಂದರೆ, ಪ್ರತಿ ಸುತ್ತಿಗೂ ಒಂದೊಂದು ಜಾಗ. ಇಷ್ಟೆಲ್ಲ ಅಲುಗಾಡುತ್ತಿರುವಾಗ ಎರಡು ಕ್ಲಿಕ್ ತಿರುಗಿಸಿ ಏನು ಪ್ರಯೋಜನ?

ಬಹಳ ಜನ ಎಡವುವುದು ಕ್ರಮದಲ್ಲಿ. ಮೊದಲು ಬೈಕ್ ಗಟ್ಟಿಮುಟ್ಟಾಗಿದೆಯಾ ನೋಡಬೇಕು. ಆಮೇಲೆ ಅದನ್ನು ನಿಮ್ಮ ಮೈಗೆ ಹೊಂದಿಸಬೇಕು. ಆಮೇಲೆ ಸ್ಯಾಗ್, ಡ್ಯಾಂಪಿಂಗ್ (ಸಸ್ಪೆನ್ಷನ್ ಏರಿಳಿಯುವ ವೇಗಕ್ಕೆ ಹಾಕುವ ಹಿಡಿತ), ಟೈರ್. ಅಲ್ಲಿಗೆ ಸ್ಪ್ಯಾನರ್ ಕೆಳಗಿಟ್ಟು ಓಡಿಸುವುದನ್ನು ಕಲಿಯಬೇಕು. ಸಸ್ಪೆನ್ಷನ್ನನ್ನು ಮತ್ತೆ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದರೆ ಇಡೀ ದಿನ ಬೈಕಿನ ಹಿಂದೆ ಓಡಿ ಓಡಿ ಸುಸ್ತಾಗುತ್ತೀರಿ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಹಿಂದಿನ ಚಕ್ರ ಎತ್ತುವ ಪ್ಯಾಡಾಕ್ ಸ್ಟ್ಯಾಂಡ್, ಸಾಧ್ಯವಾದರೆ ಮುಂದಿನದಕ್ಕೂ ಒಂದು. ಟಾರ್ಕ್ ರೆಂಚ್, ಅಲೆನ್ ಕೀ ಸೆಟ್, ಹಿಂದಿನ ಶಾಕ್‌ನ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಅದುಮಿಟ್ಟಿದೆ ಅನ್ನುವುದು) ತಿರುಗಿಸಲು ಸಿ-ಸ್ಪ್ಯಾನರ್. ಮಿಲಿಮೀಟರ್ ಗುರುತು ಚೆನ್ನಾಗಿ ಕಾಣುವ ಟೇಪ್. ನಾಲ್ಕೈದು ಕೇಬಲ್ ಟೈ, ಒಂದು ಪೇಂಟ್ ಮಾರ್ಕರ್, ಒಂದು ನೋಟ್‌ಬುಕ್.

ಗಾಳಿ ನೋಡುವ ಗೇಜ್ ಮಾತ್ರ ನಿಮ್ಮದೇ ಇರಲಿ, ಯಾವಾಗಲೂ ಅದೇ ಇರಲಿ. ಎರಡು ಗೇಜ್‌ಗಳ ನಡುವೆ ಒಂದೆರಡು ಪಿಎಸ್ಐ ವ್ಯತ್ಯಾಸ ಬರುವುದು ಮಾಮೂಲಿ. ಬೆಳಿಗ್ಗೆ ಒಬ್ಬರ ಗೇಜ್, ಮಧ್ಯಾಹ್ನ ಇನ್ನೊಬ್ಬರದು ಅಂತ ಬಳಸಿದರೆ ನೋಟ್‌ಬುಕ್ಕಿನ ಅಂಕಿಗೆ ಅರ್ಥವೇ ಇರುವುದಿಲ್ಲ.

ಮೈಮೇಲಿನದ್ದು: ಒಂದೇ ತುಂಡಿನ ಅಥವಾ ಸೊಂಟದ ಸುತ್ತ ಪೂರ್ತಿ ಜಿಪ್ ಸೇರುವ ಚರ್ಮದ ಸೂಟ್, ಬೆನ್ನಿನ ರಕ್ಷಾಕವಚ, ಮಣಿಕಟ್ಟನ್ನು ಮುಚ್ಚುವ ಗ್ಲೌಸ್, ಹಿಮ್ಮಡಿ ಗಟ್ಟಿಯಾಗಿ ಹಿಡಿಯುವ ಬೂಟು, ಡಬಲ್ ಡಿ-ರಿಂಗ್ ಪಟ್ಟಿಯ ಫುಲ್‌ಫೇಸ್ ಹೆಲ್ಮೆಟ್. ಸೂಟ್ ನಿಂತಾಗ ಸ್ವಲ್ಪ ಬಿಗಿ ಅನ್ನಿಸಿ, ಬೈಕ್ ಮೇಲೆ ಕೂತಾಗ ಸರಿ ಅನ್ನಿಸಬೇಕು. ಸಡಿಲ ಸೂಟ್‌ನಲ್ಲಿ ಬಿದ್ದರೆ ಮೊಣಕೈ ಕವಚ ಮೊಣಕೈ ಮೇಲೆ ಉಳಿಯುವುದಿಲ್ಲ.

## ಹಂತ 1: ಬೈಕ್ ಗಟ್ಟಿ ಇದೆಯಾ

ಆಯಿಲ್, ನೀರು. ಆಯಿಲ್ ಡ್ರೈನ್ ಬೋಲ್ಟ್, ಫಿಲ್ಟರ್, ಆಯಿಲ್ ತುಂಬುವ ಮುಚ್ಚಳ, ಈ ಮೂರನ್ನೂ ಲಾಕ್ ವೈರ್‌ನಿಂದ ಕಟ್ಟಿ. ವೈರ್ ಬೋಲ್ಟನ್ನು ಬಿಗಿಯಾಗುವ ದಿಕ್ಕಿಗೇ ಎಳೆಯುತ್ತಿರಬೇಕು. ಇದು ನಿಮಗಷ್ಟೇ ಸಂಬಂಧಿಸಿದ್ದಲ್ಲ, ಚೆಲ್ಲಿದ ಆಯಿಲ್ ಮೇಲೆ ಹಿಂದೆ ಬರುವವರೂ ಬೀಳುತ್ತಾರೆ. ರೇಡಿಯೇಟರ್‌ನ ಗ್ಲೈಕಾಲ್ ಇರುವ ಕೂಲಂಟ್ ತೆಗೆದು ಬರೀ ನೀರು ಹಾಕಿ. ಗ್ಲೈಕಾಲ್ ರಸ್ತೆಗೆ ಬಿದ್ದರೆ ನೀರಿನ ಹಾಗೆ ಬೇಗ ಆರುವುದಿಲ್ಲ, ಜಾರಿಕೆ ಉಳಿಯುತ್ತದೆ. ಅದಕ್ಕೇ ಅನೇಕ ಟ್ರ್ಯಾಕ್‌ಗಳು ಅದನ್ನು ಬಿಡುವುದಿಲ್ಲ.

ಬ್ರೇಕ್. ಇಲ್ಲಿ ತಾಳ್ಮೆ ಬೇಕು. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ರಸ್ತೆಯಲ್ಲಿ ಅಷ್ಟು ಬಿಸಿ ಬರುವುದೇ ಇಲ್ಲ, ಆದ್ದರಿಂದ ಹಳೇ ಆಯಿಲ್ ಅಂತ ಗೊತ್ತೇ ಆಗುವುದಿಲ್ಲ. ಟ್ರ್ಯಾಕ್‌ನಲ್ಲಿ ನಾಲ್ಕನೇ ಸುತ್ತಿಗೆ ಗೊತ್ತಾಗುತ್ತದೆ. ಆಯಿಲ್ ಕುದ್ದರೆ ಗುಳ್ಳೆ ಏಳುತ್ತವೆ, ಗುಳ್ಳೆ ಅದುಮಿಕೊಳ್ಳುತ್ತದೆ, ಲಿವರ್ ಹ್ಯಾಂಡಲ್ ಕಡೆಗೆ ಬರುತ್ತಾ ಹೋಗುತ್ತದೆ. ಟ್ರ್ಯಾಕ್‌ಗೆ ಹೋಗುವ ಮುಂಚೆ ಹೊಸ ಆಯಿಲ್ ಹಾಕಿ, ಗಾಳಿ ತೆಗೆಯಿರಿ. ಡಾಟ್ 5 ಅನ್ನುವುದು ಸಿಲಿಕೋನ್ ಆಯಿಲ್. ಡಾಟ್ 4ಕ್ಕೆ ಅದನ್ನು ಬೆರೆಸಬೇಡಿ. ಡಾಟ್ 5.1 ಬೇರೆ, ಅದು ನಡೆಯುತ್ತದೆ. ಪ್ಯಾಡ್ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಈಗಲೇ ಬದಲಾಯಿಸಿ.

ಚೈನ್. ಟ್ರ್ಯಾಕ್‌ಗೆ ಅಂತ ಚೈನ್ ಬಿಗಿ ಮಾಡುವವರು ಬಹಳ ಜನ. ಅದು ತಪ್ಪು. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್‌ನ (ಹಿಂದಿನ ಚಕ್ರ ಹಿಡಿದಿರುವ ತೋಳಿನ) ಕೀಲು, ಹಿಂದಿನ ಆಕ್ಸಲ್, ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಆಗಲೂ ಅದರಲ್ಲಿ ಸ್ವಲ್ಪ ಆಟ ಉಳಿದಿರಬೇಕು. ಇಲ್ಲದಿದ್ದರೆ ಚೈನೇ ಸಸ್ಪೆನ್ಷನ್ನನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ನೀವು ಶಾಕ್ ಗಟ್ಟಿ ಇದೆ ಅಂತ ಕ್ಲಿಕ್ ತಿರುಗಿಸುತ್ತಾ ಕೂರುತ್ತೀರಿ.

ಉಳಿದದ್ದು. ಮುಂದಿನ ಚಕ್ರ ಎತ್ತಿ ಫೋರ್ಕ್ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ಟಕ್ ಅಂತ ಸದ್ದು ಬಂದರೆ ಹ್ಯಾಂಡಲ್ ಬೇರಿಂಗ್ ಸಡಿಲ. ಹ್ಯಾಂಡಲ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಎರಡೂ ಕಡೆ ಥ್ರಾಟಲ್ ತಾನೇ ಪಟ್ಟನೆ ಮುಚ್ಚಿಕೊಳ್ಳುತ್ತದಾ ನೋಡಿ. ಕನ್ನಡಿ, ನಂಬರ್ ಪ್ಲೇಟ್, ಸೈಡ್ ಸ್ಟ್ಯಾಂಡ್ ತೆಗೆಯಿರಿ, ಗಾಜಿನ ದೀಪಗಳಿಗೆ ಟೇಪ್ ಹಾಕಿ. ಸೈಡ್ ಸ್ಟ್ಯಾಂಡ್‌ಗೆ ಸ್ವಿಚ್ ಇದ್ದರೆ, ಸ್ಟ್ಯಾಂಡ್ ತೆಗೆದ ಮೇಲೂ ಇಂಜಿನ್ ಸ್ಟಾರ್ಟ್ ಆಗುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಆಕ್ಸಲ್, ಕ್ಯಾಲಿಪರ್, ಹ್ಯಾಂಡಲ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ, ಬೋಲ್ಟ್ ಮೇಲಿಂದ ಪಕ್ಕದ ಲೋಹದವರೆಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಬೋಲ್ಟ್ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಪ್ರತಿ ಸೆಷನ್ (ಟ್ರ್ಯಾಕ್‌ಗೆ ಇಳಿದು ಬರುವ ಒಂದು ಸರದಿ) ಆದ ಮೇಲೆ ಒಂದು ಸಲ ಕಣ್ಣು ಹಾಯಿಸಿದರೆ ಸಾಕು.

## ಹಂತ 2: ಲಿವರ್, ಪೆಡಲ್, ಸೀಟು

ಸೂಟ್, ಬೂಟು, ಗ್ಲೌಸ್ ಹಾಕಿಕೊಂಡು ಬೈಕ್ ಮೇಲೆ ಕೂತು ಈ ಕೆಲಸ ಮಾಡಿ. ಚಪ್ಪಲಿ ಹಾಕಿಕೊಂಡು ಗೇರ್ ಲಿವರ್ ಹೊಂದಿಸಿದರೆ ಬೂಟು ಹಾಕಿದ ದಿನ ಅದು ಕೆಳಗಿರುತ್ತದೆ.

ಬ್ರೇಕ್ ಹಿಡಿಯುವ ಭಂಗಿಯಲ್ಲಿ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಇರಬೇಕು. ಮಣಿಕಟ್ಟು ಮೇಲೆ ಮುರಿದಂತಿದ್ದರೆ ಲಿವರ್ ತುಂಬಾ ಮೇಲಿದೆ, ಸ್ವಲ್ಪ ಕೆಳಗೆ ತಿರುಗಿಸಿ. ಎರಡು ಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಆರಾಮಾಗಿ ಕೂರುವಷ್ಟು ದೂರ ಇಡಿ. ಟ್ಯಾಂಕ್‌ಗೂ ನಿಮಗೂ ನಡುವೆ ಒಂದು ಮುಷ್ಟಿ ಜಾಗ ಇರುವಂತೆ ಹಿಂದೆ ಸರಿದು ಕೂತು ನೋಡಿ. ಟ್ಯಾಂಕ್‌ಗೆ ಅಂಟಿಕೊಂಡು ಕೂತರೆ ಸೊಂಟ ಪಕ್ಕಕ್ಕೆ ಸರಿಯುವುದಿಲ್ಲ, ಟ್ಯಾಂಕ್ ಸುತ್ತ ತಿರುಗಿಕೊಳ್ಳುತ್ತದೆ.

ಟ್ಯಾಂಕ್‌ನ ಎರಡೂ ಪಕ್ಕಕ್ಕೆ ರಬ್ಬರ್ ಗ್ರಿಪ್ ಪ್ಯಾಡ್ ಅಂಟಿಸಿ. ನುಣುಪಾದ ಟ್ಯಾಂಕನ್ನು ತೊಡೆ ಹಿಡಿಯಲು ಆಗದಿದ್ದರೆ ಆ ಕೆಲಸ ಕೈಗೆ ಬೀಳುತ್ತದೆ. ಆಮೇಲೆ ಏನೇನು ಕೆಡುತ್ತದೆ ಅಂತ ಮುಂದೆ ನೋಡೋಣ.

## ಹಂತ 3: ಸ್ಯಾಗ್

ನಿಮ್ಮ ತೂಕಕ್ಕೆ ಸಸ್ಪೆನ್ಷನ್ ಎಷ್ಟು ಕೆಳಗೆ ಕೂರುತ್ತದೆ ಅನ್ನುವ ಅಳತೆಯೇ ಸ್ಯಾಗ್. ಇದನ್ನು ಅಳೆಯದೆ ಡ್ಯಾಂಪಿಂಗ್ ಮುಟ್ಟುವುದೆಂದರೆ ಪಾಯ ಹಾಕದೆ ಗೋಡೆ ಎಬ್ಬಿಸಿದಂತೆ. ಇಬ್ಬರ ಸಹಾಯ ಬೇಕು. ಒಬ್ಬರು ಬೈಕ್ ನೆಟ್ಟಗೆ ಹಿಡಿಯಲು, ಇನ್ನೊಬ್ಬರು ಅಳೆಯಲು.

ಹಿಂದಿನದರಿಂದ ಶುರು ಮಾಡೋಣ.

1. ಹಿಂದಿನ ಚಕ್ರ ನೆಲದಿಂದ ಮೇಲೇಳುವಂತೆ ಬೈಕ್ ಎತ್ತಿ. ಸ್ವಿಂಗ್‌ಆರ್ಮ್‌ಗೆ ಕೊಡುವ ಸ್ಟ್ಯಾಂಡ್ ಇಲ್ಲಿ ನಡೆಯುವುದಿಲ್ಲ, ಅದರಲ್ಲಿ ತೂಕ ಸಸ್ಪೆನ್ಷನ್ ಮೇಲೇ ಇರುತ್ತದೆ. ಆಕ್ಸಲ್‌ನ ನಡುವಿನಿಂದ ನೇರ ಮೇಲೆ ಬಾಲದ ಮೇಲೆ ಒಂದು ಟೇಪ್ ತುಂಡು ಅಂಟಿಸಿ ಗುರುತು ಹಾಕಿ. ದೂರ ಅಳೆಯಿರಿ. 600 ಮಿ.ಮೀ. ಬಂತು ಅಂದುಕೊಳ್ಳಿ.

2. ಬೈಕ್ ನೆಲಕ್ಕಿಳಿಸಿ. ಪೂರ್ತಿ ಸೂಟ್, ಹೆಲ್ಮೆಟ್ ಸಮೇತ ಕೂತು, ಎರಡೂ ಕಾಲು ಪೆಗ್ ಮೇಲಿಟ್ಟು, ಓಡಿಸುವ ಭಂಗಿಗೆ ಬನ್ನಿ. ಸಹಾಯಕರು ಬಾಲವನ್ನು ಕೆಳಗೆ ಅದುಮಿ ನಿಧಾನ ಮೇಲೇಳಲು ಬಿಡಲಿ. ನಿಂತ ಜಾಗ ಅಳೆಯಿರಿ. 566 ಬಂತು.

3. ಈಗ ಬಾಲವನ್ನು ಸ್ವಲ್ಪ ಮೇಲೆತ್ತಿ ನಿಧಾನ ಕೆಳಗೆ ಕೂರಲು ಬಿಡಿ. ಮತ್ತೆ ಅಳೆಯಿರಿ. 570 ಬಂತು.

4. ಈ ಎರಡರ ಸರಾಸರಿ 568. 600ರಲ್ಲಿ ಕಳೆದರೆ 32 ಮಿ.ಮೀ. ಇದು ಸವಾರನ ಸ್ಯಾಗ್.

5. ನೀವು ಇಳಿದು, ಬೈಕ್ ತನ್ನ ತೂಕದಲ್ಲಷ್ಟೇ ನಿಂತಾಗ ಇದೇ ರೀತಿ ಅಳೆಯಿರಿ. 592 ಬಂದರೆ ಖಾಲಿ ಸ್ಯಾಗ್ 8 ಮಿ.ಮೀ.

ಎರಡು ಸಲ ಅಳೆಯುವುದು ಯಾಕೆ? ಸೀಲ್, ಬುಷ್, ಕೀಲುಗಳ ತಿಕ್ಕಾಟದಿಂದ ಸಸ್ಪೆನ್ಷನ್ ಮೇಲಿಂದ ಬಂದರೆ ಒಂದು ಕಡೆ, ಕೆಳಗಿಂದ ಬಂದರೆ ಇನ್ನೊಂದು ಕಡೆ ನಿಲ್ಲುತ್ತದೆ. ನಡುವಿನ ವ್ಯತ್ಯಾಸ ನಾಲ್ಕೈದು ಮಿ.ಮೀ. ಇದ್ದರೆ ಪರವಾಗಿಲ್ಲ. ಹತ್ತು ದಾಟಿದರೆ ಲಿಂಕೇಜ್‌ನಲ್ಲಿ (ಶಾಕ್‌ಗೂ ಸ್ವಿಂಗ್‌ಆರ್ಮ್‌ಗೂ ನಡುವಿನ ಕೊಂಡಿಯಲ್ಲಿ) ಗ್ರೀಸ್ ಒಣಗಿದೆ ಅಥವಾ ಏನೋ ಬಾಗಿದೆ. ಮೊದಲು ಅದನ್ನು ಸರಿ ಮಾಡಿ.

ಮುಂದಿನ ಫೋರ್ಕ್‌ಗೂ ಇದೇ ಲೆಕ್ಕ. ಹೊಳೆಯುವ ಕೊಳವೆ ಎಷ್ಟು ಕಾಣುತ್ತದೆ ಅನ್ನುವುದೇ ಅಲ್ಲಿನ ಅಳತೆ.

ಟ್ರ್ಯಾಕ್‌ಗೆ ಸವಾರನ ಸ್ಯಾಗ್ ಮುಂದೆ 30ರಿಂದ 40, ಹಿಂದೆ 25ರಿಂದ 35 ಮಿ.ಮೀ. ಒಳಗೆ ಇದ್ದರೆ ಶುರು ಮಾಡಲು ಒಳ್ಳೆಯ ಜಾಗ. ಹಿಂದಿನ ಖಾಲಿ ಸ್ಯಾಗ್ 5ರಿಂದ 10. ಪ್ರಿಲೋಡ್ ಬಿಗಿ ಮಾಡಿದರೆ ಸ್ಯಾಗ್ ಕಡಿಮೆಯಾಗುತ್ತದೆ, ಸಡಿಲಿಸಿದರೆ ಜಾಸ್ತಿ. ಫೋರ್ಕ್‌ನ ಎರಡೂ ಕಾಲಿಗೆ ಪ್ರಿಲೋಡ್ ಇದ್ದರೆ ಎರಡನ್ನೂ ಸಮ ತಿರುಗಿಸಿ.

ಇನ್ನೊಂದು ವಿಷಯ, ಇದನ್ನು ಅನುಭವಸ್ಥರೂ ತಪ್ಪು ತಿಳಿಯುತ್ತಾರೆ. ಪ್ರಿಲೋಡ್ ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ. ಸ್ಪ್ರಿಂಗ್‌ನ ಗಟ್ಟಿತನ ಅದರ ತಂತಿಯಲ್ಲಿ, ಸುರುಳಿಯಲ್ಲಿ ಇದೆ. ಪ್ರಿಲೋಡ್ ಬೈಕ್ ಎಷ್ಟು ಎತ್ತರದಲ್ಲಿ ಕೂರಬೇಕು ಅನ್ನುವುದನ್ನಷ್ಟೇ ಬದಲಿಸುತ್ತದೆ. ಸವಾರನ ಸ್ಯಾಗ್ 32 ಬರಿಸಿದ್ದೀರಿ, ಆದರೆ ಖಾಲಿ ಸ್ಯಾಗ್ ಸೊನ್ನೆ ಅಂದರೆ ನಿಮ್ಮ ತೂಕಕ್ಕೆ ಸ್ಪ್ರಿಂಗ್ ಮೆದು. ಮೆದು ಸ್ಪ್ರಿಂಗನ್ನು ಅತಿಯಾಗಿ ಅದುಮಿ ಸ್ಯಾಗ್ ತಂದಿದ್ದೀರಿ ಅಷ್ಟೇ. ಸವಾರನ ಸ್ಯಾಗ್ ಸರಿ ಇದ್ದು ಖಾಲಿ ಸ್ಯಾಗ್ 15–20 ಇದ್ದರೆ ಸ್ಪ್ರಿಂಗ್ ಗಟ್ಟಿ. ಎರಡೂ ಸಂದರ್ಭದಲ್ಲಿ ಬೇರೆ ಸ್ಪ್ರಿಂಗ್ ಬೇಕು, ಕ್ಲಿಕ್ ತಿರುಗಿಸಿ ಗೆಲ್ಲಲು ಆಗುವುದಿಲ್ಲ.

## ಹಂತ 4: ರಿಬೌಂಡ್, ಕಂಪ್ರೆಶನ್

ಸಸ್ಪೆನ್ಷನ್ ಕೆಳಗೆ ಕೂರುವ ವೇಗವನ್ನು ಹಿಡಿಯುವುದು ಕಂಪ್ರೆಶನ್. ಮೇಲೇಳುವ ವೇಗವನ್ನು ಹಿಡಿಯುವುದು ರಿಬೌಂಡ್.

ಮೊದಲು ಈಗ ಎಷ್ಟಿದೆ ಅಂತ ಬರೆದುಕೊಳ್ಳಿ. ಸ್ಕ್ರೂವನ್ನು ಗಡಿಯಾರದ ದಿಕ್ಕಿಗೆ ಮೆಲ್ಲಗೆ ನಿಲ್ಲುವವರೆಗೆ ತಿರುಗಿಸುತ್ತಾ ಕ್ಲಿಕ್ ಎಣಿಸಿ. ನಿಂತ ಮೇಲೆ ಒತ್ತಬೇಡಿ, ಒಳಗಿನ ಸೂಜಿ ಹಾಳಾಗುತ್ತದೆ. ಅಲ್ಲಿಂದ ಕೈಪಿಡಿಯಲ್ಲಿ ಹೇಳಿದಷ್ಟು ಕ್ಲಿಕ್ ಹೊರಗೆ ತನ್ನಿ. ಅದೇ ನಿಮ್ಮ ಮೂಲ ಸ್ಥಾನ. ದಾರಿ ತಪ್ಪಿದಾಗಲೆಲ್ಲ ವಾಪಸ್ ಬರುವ ಮನೆ ಅದು.

ರಿಬೌಂಡನ್ನು ಕೈಯಲ್ಲೇ ಸ್ವಲ್ಪ ಮಟ್ಟಿಗೆ ನೋಡಬಹುದು. ಸೀಟನ್ನು ಜೋರಾಗಿ ಅದುಮಿ ಬಿಡಿ. ಹಿಂಭಾಗ ಸುಮಾರು ಒಂದು ಸೆಕೆಂಡಿನಲ್ಲಿ ಹಿಡಿತದಿಂದ ಮೇಲೆ ಬಂದು ನಿಲ್ಲಬೇಕು. ಪಟ್ಟನೆ ಎದ್ದು ಮತ್ತೆ ಕುಣಿದರೆ ರಿಬೌಂಡ್ ಕಡಿಮೆ. ಸೋಮಾರಿಯ ಹಾಗೆ ಎದ್ದರೆ ಜಾಸ್ತಿ. ಇದು ಅಂದಾಜಷ್ಟೇ, ಆದರೆ ದೊಡ್ಡ ತಪ್ಪನ್ನು ಹಿಡಿಯುತ್ತದೆ.

ಟ್ರ್ಯಾಕ್‌ನಲ್ಲಿ ಬದಲಿಸುವಾಗ ಒಂದು ಸಲಕ್ಕೆ ಒಂದೇ ಸ್ಕ್ರೂ, ಎರಡೇ ಕ್ಲಿಕ್. ಬರೆದುಕೊಳ್ಳಿ. ಇದನ್ನು ನಾನು ನೋವಿನಿಂದ ಕಲಿತೆ. ಒಂದು ಬೆಳಿಗ್ಗೆ ಅವಸರದಲ್ಲಿ ಮೂರು ಸ್ಕ್ರೂ ಒಟ್ಟಿಗೆ ತಿರುಗಿಸಿದೆ, ಹಿಂದಿನ ರಿಬೌಂಡನ್ನು ನಾಲ್ಕು ಕ್ಲಿಕ್ ಬಿಗಿ ಮಾಡಿದ್ದೆ, ಬರೆದುಕೊಳ್ಳಲಿಲ್ಲ. ಅಲ್ಲಿ ಒಂದು ಬಲ ತಿರುವಿನ ನಡುವೆ ಸಾಲಾಗಿ ಸಣ್ಣ ಅಲೆಗಳಿದ್ದವು. ಪ್ರತಿ ಅಲೆಗೂ ಹಿಂಭಾಗ ಕೆಳಗೆ ಹೋಗುತ್ತಿತ್ತು, ಮೇಲೇಳುವಷ್ಟರಲ್ಲಿ ಮುಂದಿನ ಅಲೆ ಬರುತ್ತಿತ್ತು. ಹಿಂಭಾಗ ಕೂತು ಕೂತು, ಹೊರಬರುವಾಗ ಮುಂಭಾಗ ಹಗುರಾಗಿ ಬೈಕ್ ಅಂಚಿಗೆ ಓಡುತ್ತಿತ್ತು. ಹಿಂಭಾಗ ಕೂರ್ತಿದೆ ಅಂದರೆ ಕಂಪ್ರೆಶನ್ ಕಡಿಮೆ ಅಂದುಕೊಂಡು ಮೂರು ಸೆಷನ್ ಅದನ್ನೇ ಬಿಗಿ ಮಾಡಿದೆ. ಕೊನೆಗೆ ಅಂಚಿನ ಹುಲ್ಲಿಗೆ ಹೋಗಿ ಬಿದ್ದೆ, ಕಾಲರ್‌ಬೋನ್ ಮುರಿಯಿತು. ಬೈಕನ್ನು ಮೂಲ ಸ್ಥಾನಕ್ಕೆ ತರುವಾಗ ಕ್ಲಿಕ್ ಎಣಿಸಿದಾಗಲೇ ರಿಬೌಂಡ್ ಕಥೆ ಗೊತ್ತಾಗಿದ್ದು.

ಫೋರ್ಕ್‌ನ ಕೊಳವೆಗೆ ಒಂದು ಕೇಬಲ್ ಟೈ ಕಟ್ಟಿ, ಸೀಲ್‌ಗೆ ತಾಗಿಸಿಡಿ. ಸೆಷನ್ ಮುಗಿದ ಮೇಲೆ ಅದು ಎಲ್ಲಿಗೆ ಸರಿದಿದೆ ನೋಡಿ. ಅತಿ ಜೋರು ಬ್ರೇಕ್‌ನಲ್ಲಿ ಫೋರ್ಕ್ ಎಷ್ಟು ಕೂತಿತು ಅಂತ ಅದು ಹೇಳುತ್ತದೆ. ಪೂರ್ತಿ ಕೂರುವ ಜಾಗಕ್ಕೆ 5ರಿಂದ 10 ಮಿ.ಮೀ. ಉಳಿದಿದ್ದರೆ ಸರಿ. ಆದರೆ ಹುಷಾರು, ಅನೇಕ ಫೋರ್ಕ್‌ಗಳಲ್ಲಿ ಕೊಳವೆ ಇನ್ನೂ ಕಾಣುತ್ತಿರುವಾಗಲೇ ಒಳಗೆ ಲೋಹ ತಾಗಿ ನಿಲ್ಲುತ್ತದೆ. ನಿಮ್ಮ ಫೋರ್ಕ್ ಎಲ್ಲಿ ನಿಲ್ಲುತ್ತದೆ ಅಂತ ತಿಳಿದುಕೊಂಡು ಅಲ್ಲಿಂದ ಲೆಕ್ಕ ಹಾಕಿ.

## ಹಂತ 5: ಟೈರ್

ಟೈರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ರಬ್ಬರ್ ಎಷ್ಟೇ ದಪ್ಪ ಕಂಡರೂ ಗಟ್ಟಿಯಾದ ಹಳೇ ಟೈರ್ ಟ್ರ್ಯಾಕ್‌ಗೆ ಬೇಡ.

ಗಾಳಿಯ ವಿಷಯದಲ್ಲಿ ರಸ್ತೆಯ ಅಂಕಿ ಮರೆತುಬಿಡಿ. ಟೈರ್ ತಯಾರಕರು ಟ್ರ್ಯಾಕ್‌ಗೆ ಅಂತ ಬೇರೆ ಅಂಕಿ ಕೊಡುತ್ತಾರೆ, ತಣ್ಣಗಿರುವಾಗ ಎಷ್ಟು, ಬಿಸಿಯಾದಾಗ ಎಷ್ಟು ಅಂತ. ಮುಖ್ಯವಾದದ್ದು ಬಿಸಿ ಅಂಕಿ. ಟ್ರ್ಯಾಕ್‌ನಿಂದ ಪಿಟ್‌ಗೆ ಬಂದು ನಿಂತ ತಕ್ಷಣ, ಹೆಲ್ಮೆಟ್ ತೆಗೆಯುವ ಮುಂಚೆಯೇ ಯಾರಿಂದಾದರೂ ಅಳೆಸಿ. ಹತ್ತು ನಿಮಿಷ ಹರಟೆ ಹೊಡೆದು ಅಳೆದ ಅಂಕಿ ಬಿಸಿ ಅಂಕಿ ಅಲ್ಲ. ಇಂಜಿನ್ನಿನ ಎಳೆತ ಹೊರುವ ಹಿಂದಿನ ಟೈರ್ ಸಾಮಾನ್ಯವಾಗಿ ಮುಂದಿನದಕ್ಕಿಂತ ಜಾಸ್ತಿ ಏರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಇನ್ನೂ ಏರುತ್ತದೆ, ಆಗ ಸ್ವಲ್ಪ ಬಿಡಬೇಕಾಗುತ್ತದೆ.

ಗಾಳಿ ಜಾಸ್ತಿಯಾದರೆ ನೆಲಕ್ಕೆ ತಾಗುವ ಭಾಗ ಚಿಕ್ಕದಾಗಿ ಜಾರುತ್ತದೆ. ತೀರಾ ಕಡಿಮೆಯಾದರೆ ಟೈರ್ ಮುದ್ದೆಯಂತೆ ಒದ್ದಾಡುತ್ತದೆ, ಬೈಕ್ ತಿರುಗಲು ಭಾರವಾಗುತ್ತದೆ, ರಬ್ಬರ್ ಅತಿ ಬಿಸಿಯಾಗುತ್ತದೆ.

ಟೈರ್ ವಾರ್ಮರ್ (ಟೈರ್ ಬಿಸಿ ಮಾಡುವ ಹೊದಿಕೆ) ಇದ್ದರೆ ಸುಮಾರು 80 ಡಿಗ್ರಿಯಲ್ಲಿ ಒಂದು ಗಂಟೆ ಹತ್ತಿರ ಇಡಿ, ರಿಮ್‌ವರೆಗೂ ಬಿಸಿ ಇಳಿಯಬೇಕು. ಇಲ್ಲದಿದ್ದರೆ ಮೊದಲ ಎರಡು ಮೂರು ಸುತ್ತು ನಿಧಾನ. ಹಾವಿನಂತೆ ಅತ್ತಿತ್ತ ಓಲಾಡಿಸಿದರೆ ಟೈರ್ ಬಿಸಿಯಾಗುವುದಿಲ್ಲ. ಬೈಕ್ ನೆಟ್ಟಗಿರುವಾಗ ಹದವಾಗಿ ಬ್ರೇಕ್ ಹಿಡಿಯುವುದು, ಹದವಾಗಿ ವೇಗ ಕೊಡುವುದು, ಅದರಿಂದ ಬಿಸಿಯಾಗುತ್ತದೆ. ಬಲ ತಿರುವುಗಳೇ ಜಾಸ್ತಿ ಇರುವ ಟ್ರ್ಯಾಕ್ ಆದರೆ ಟೈರ್‌ನ ಎಡಬದಿ ತಣ್ಣಗೇ ಉಳಿದಿರುತ್ತದೆ. ಬಹಳ ಹೊತ್ತಿನ ಮೇಲೆ ಬರುವ ಆ ಮೊದಲ ಎಡ ತಿರುವಿನಲ್ಲಿ ಎಚ್ಚರ ಇರಲಿ. "ಏನೂ ತಪ್ಪು ಮಾಡಲಿಲ್ಲ, ಸುಮ್ನೆ ಜಾರಿತು" ಅನ್ನುವ ಬೀಳುಗಳು ಎಷ್ಟೋ ಸಲ ಅಲ್ಲೇ ಆಗಿರುತ್ತವೆ.

## ಹಂತ 6: ಮೊದಲ ಸೆಷನ್

ಟೈಮರ್ ಆಫ್ ಮಾಡಿ. ಬಾವುಟಗಳನ್ನು ಮೊದಲೇ ಬಾಯಿಪಾಠ ಮಾಡಿರಿ. ಹಳದಿ ಅಂದರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ಕೆಂಪು ಅಂದರೆ ಸೆಷನ್ ನಿಂತಿದೆ, ಹಿಂದಿನವರು ಗುದ್ದದಂತೆ ಹದವಾಗಿ ವೇಗ ಇಳಿಸಿ ಪಿಟ್‌ಗೆ ಬನ್ನಿ. ಹಳದಿ–ಕೆಂಪು ಪಟ್ಟೆ ಅಂದರೆ ನೆಲ ಜಾರುತ್ತಿದೆ. ಉಳಿದವನ್ನು ಬೆಳಗಿನ ಮಾತುಕತೆಯಲ್ಲಿ ಕೇಳಿಕೊಳ್ಳಿ, ಬಿಳಿ ಬಾವುಟದಂಥವಕ್ಕೆ ಎಲ್ಲ ಕಡೆ ಒಂದೇ ಅರ್ಥ ಇಲ್ಲ.

ಈ ಸೆಷನ್ನಿನ ಕೆಲಸ ಒಂದೇ, ಗುರುತು ಹುಡುಕುವುದು. ಪ್ರತಿ ತಿರುವಿಗೆ ಬ್ರೇಕ್ ಹಿಡಿಯುವ ಗುರುತು, ಬೈಕ್ ವಾಲಿಸುವ ಗುರುತು, ಒಳಅಂಚಿಗೆ ತಾಗುವ ಏಪೆಕ್ಸ್, ಹೊರಗೆ ಬರುವ ಜಾಗ. ಗುರುತು ಅಂದರೆ ಕದಲದ ವಸ್ತು: ಡಾಂಬರಿನ ತೇಪೆ, ಫಲಕ, ಅಂಚುಪಟ್ಟಿ ಶುರುವಾಗುವ ಮೂಲೆ. ನೆರಳು ಬೇಡ, ಅದು ಮಧ್ಯಾಹ್ನದ ಹೊತ್ತಿಗೆ ಸರಿದಿರುತ್ತದೆ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 42 ಮೀಟರ್ ಹೋಗುತ್ತೀರಿ. ಗುರುತು ಇಲ್ಲದೆ ಅಂದಾಜಿನಲ್ಲಿ ಅರ್ಧ ಸೆಕೆಂಡ್ ತಡ ಮಾಡಿದರೆ 20 ಮೀಟರ್ ಮುಗಿದೇಹೋಯಿತು.

## ಹಂತ 7: ಮೈ ಎಲ್ಲಿರಬೇಕು

ಬೈಕ್ 45 ಡಿಗ್ರಿ ವಾಲಿದೆ ಅಂದರೆ ಪಕ್ಕಕ್ಕೆ ಎಳೆಯುವ ಬಲ ಹೆಚ್ಚುಕಡಿಮೆ ನಿಮ್ಮ ತೂಕದಷ್ಟೇ ಇರುತ್ತದೆ. ಟೈರ್‌ಗೆ ಅಗಲ ಇರುವುದರಿಂದ ನಿಜಕ್ಕೂ ಇನ್ನೂ ಸ್ವಲ್ಪ ಜಾಸ್ತಿ ವಾಲಿಸಬೇಕಾಗುತ್ತದೆ. ಮೈಯನ್ನು ಒಳಗೆ ತಂದರೆ ಅದೇ ವೇಗಕ್ಕೆ ಬೈಕ್ ಕಡಿಮೆ ವಾಲಿದರೆ ಸಾಕು. ಮೊಣಕಾಲು ನೆಲಕ್ಕೆ ತಾಗಿಸುವುದು ಗುರಿ ಅಲ್ಲ. ಅದು ತಾನಾಗಿ ಬರಬೇಕು.

ಕ್ರಮ ಹೀಗೆ. ಬ್ರೇಕ್ ಹಿಡಿಯುವ ಮುಂಚೆಯೇ ಸೊಂಟವನ್ನು ಅರ್ಧ ಪೃಷ್ಠದಷ್ಟು ಒಳಬದಿಗೆ ಸರಿಸಿ. ಪಾದದ ಮುಂಭಾಗ ಪೆಗ್ ಮೇಲಿರಲಿ. ಹೊರಗಿನ ತೊಡೆಯನ್ನು ಟ್ಯಾಂಕ್‌ನ ಅಂಚಿಗೆ ಸಿಕ್ಕಿಸಿ. ಬ್ರೇಕ್ ಹಿಡಿಯುವಾಗ ಮೈಯ ಭಾರ ಆ ತೊಡೆಯ ಮೇಲಿರಬೇಕು, ಕೈ ಮೇಲಲ್ಲ. ವಾಲಿಸುವಾಗ ಎದೆ ತಗ್ಗಿಸಿ, ತಲೆಯನ್ನು ಕನ್ನಡಿ ಇರಬೇಕಿದ್ದ ಜಾಗದ ಕಡೆ ತನ್ನಿ.

ಬಹಳ ಕಾಣುವ ತಪ್ಪು ಇದು: ಪೃಷ್ಠ ಹೊರಗೆ ನೇತಾಡುತ್ತಿರುತ್ತದೆ, ತಲೆ ಮತ್ತು ಎದೆ ಟ್ಯಾಂಕ್‌ನ ಆ ಕಡೆಗೇ ಇರುತ್ತದೆ. ಲಾಭವೆಲ್ಲ ಅಲ್ಲೇ ಕಳೆದುಹೋಯಿತು. ಎಷ್ಟು ನೇತಾಡಿದ್ದೀರಿ ಅನ್ನುವುದಕ್ಕಿಂತ ತಲೆ ಎಲ್ಲಿದೆ ಅನ್ನುವುದು ಮುಖ್ಯ.

ತಿರುವಿನ ನಡುವೆ ಒಳಗಿನ ಮೊಣಕೈಯನ್ನು ಕೋಳಿ ರೆಕ್ಕೆ ಬಡಿದಂತೆ ಸ್ವಲ್ಪ ಅಲುಗಿಸಿ ನೋಡಿ. ಅಲುಗಿದರೆ ನೀವು ಹ್ಯಾಂಡಲ್‌ಗೆ ಜೋತುಬಿದ್ದಿಲ್ಲ. ಅಲುಗದಿದ್ದರೆ ನಿಮ್ಮ ತೂಕ ಮುಂದಿನ ಟೈರನ್ನು ಕಾಡುತ್ತಿದೆ. ಎರಡು ಸೆಷನ್‌ಗೇ ಮುಂಗೈ ಕಲ್ಲಿನಂತಾಗುತ್ತಿದ್ದರೆ ಅದೂ ಇದರ ಸೂಚನೆಯೇ. ವ್ಯಾಯಾಮ ಸಾಲದು ಅನ್ನುವ ಮುಂಚೆ ತೊಡೆ ಕೆಲಸ ಮಾಡುತ್ತಿದೆಯಾ ನೋಡಿ.

## ಹಂತ 8: ಬ್ರೇಕ್ ಹಿಡಿಯುವುದು, ಬಿಡುವುದು

ಲ್ಯಾಪ್ ಸಮಯ ಇಳಿಯುವುದೂ ಇಲ್ಲೇ, ಜನ ಬೀಳುವುದೂ ಇಲ್ಲೇ.

ಲಿವರನ್ನು ಹಿಸುಕಬೇಕು, ಕಿತ್ತುಕೊಳ್ಳಬಾರದು. ಮೊದಲು ಪ್ಯಾಡ್ ಡಿಸ್ಕ್‌ಗೆ ತಾಗುವಷ್ಟು. ಫೋರ್ಕ್ ಕೂರಲು ಶುರುವಾಗುತ್ತದೆ, ತೂಕ ಮುಂದೆ ಬರುತ್ತದೆ, ಮುಂದಿನ ಟೈರ್ ನೆಲಕ್ಕೆ ಅಗಲವಾಗಿ ಒತ್ತುತ್ತದೆ. ಆಮೇಲೆ ಪೂರ್ತಿ ಶಕ್ತಿ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಆದರೂ ಎರಡು ಭಾಗ ಇದ್ದೇ ಇರಬೇಕು. ತೂಕ ಬರುವ ಮುಂಚೆಯೇ ಪೂರ್ತಿ ಹಿಡಿದರೆ ಚಕ್ರ ಲಾಕ್ ಆಗುತ್ತದೆ.

ಗೇರ್ ಇಳಿಸುವುದು ಬ್ರೇಕ್ ಹಿಡಿದಿರುವಾಗ, ಒಂದೊಂದಾಗಿ. ಅವಸರದಲ್ಲಿ ಎರಡು ಗೇರ್ ಒಟ್ಟಿಗೆ ಇಳಿಸಿ ಕ್ಲಚ್ ಬಿಟ್ಟರೆ ಹಿಂದಿನ ಚಕ್ರ ಕುಪ್ಪಳಿಸುತ್ತದೆ.

ಈಗ ಬಿಡುವುದು. ಟೈರ್‌ನ ಗ್ರಿಪ್ ಒಂದೇ ಕೊಡದ ನೀರು. ಬ್ರೇಕ್‌ಗೆ ಎಷ್ಟು ಕೊಟ್ಟಿರೋ ಅಷ್ಟು ತಿರುಗಲು ಉಳಿಯುವುದಿಲ್ಲ. ನೆಟ್ಟಗಿರುವಾಗ ಪೂರ್ತಿ ಬ್ರೇಕ್‌ಗೆ. ವಾಲಿಸುತ್ತಾ ಹೋದಂತೆ ಬೆರಳನ್ನು ನಿಧಾನ ಸಡಿಲಿಸುತ್ತಾ ಹೋಗಿ. ಪೂರ್ತಿ ವಾಲುವ ಹೊತ್ತಿಗೆ ಲಿವರ್ ಮೇಲೆ ಬೆರಳಿನ ತೂಕವಷ್ಟೇ ಉಳಿದಿರಬೇಕು.

ಹೀಗೆ ಬಿಟ್ಟರೆ ಫೋರ್ಕ್ ಕೂತೇ ಇರುತ್ತದೆ. ಫೋರ್ಕ್ ಕೂತಿದ್ದಾಗ ಅದರ ಕೋನ ಕಡಿದಾಗುತ್ತದೆ, ಎರಡು ಚಕ್ರಗಳ ನಡುವಿನ ದೂರ ಕಡಿಮೆಯಾಗುತ್ತದೆ, ಬೈಕ್ ಚುರುಕಾಗಿ ತಿರುಗುತ್ತದೆ. ಬ್ರೇಕನ್ನು ತಟ್ಟನೆ ಬಿಟ್ಟರೆ ಫೋರ್ಕ್ ಚಿಮ್ಮಿ ಮೇಲೇಳುತ್ತದೆ. ಸರಿಯಾಗಿ ಬೈಕ್ ತಿರುಗಬೇಕಾದ ಕ್ಷಣದಲ್ಲೇ ಅದು ಹೊರಗೆ ಹೋಗಲು ನೋಡುತ್ತದೆ. "ಬೈಕ್ ಹೊರಗೆ ಹೋಗ್ತಿದೆ" ಅಂದವರಲ್ಲಿ ಎಷ್ಟೋ ಜನರ ತೊಂದರೆ ಇದೇ. ಅದಕ್ಕೆ ಕ್ಲಿಕ್‌ನಲ್ಲಿ ಔಷಧಿ ಇಲ್ಲ.

ಅಭ್ಯಾಸಕ್ಕೆ ಒಂದು ತಿರುವು ಆರಿಸಿಕೊಳ್ಳಿ. ಬ್ರೇಕನ್ನು ಬೇಕಂತಲೇ ಬೇಗ, ಹಗುರವಾಗಿ ಹಿಡಿಯಿರಿ. ಗಮನವೆಲ್ಲ ಬಿಡುವುದರ ಮೇಲಿರಲಿ. ಐದು ಸುತ್ತಲ್ಲಿ ಐದೂ ಸಲ ಒಂದೇ ವೇಗದಲ್ಲಿ ಒಳಗೆ ಹೋದಿರಿ ಅನ್ನಿಸಿದ ಮೇಲೆ ಗುರುತನ್ನು ಎರಡು ಮೂರು ಮೀಟರ್ ಮುಂದಕ್ಕೆ ಸರಿಸಿ. ಮುಂದಿರುವವರ ಬ್ರೇಕ್ ಜಾಗ ನೋಡಿ ಅವರಿಗಿಂತ ತಡವಾಗಿ ಹಿಡಿಯಲು ಹೋಗಬೇಡಿ. ಅವರ ಟೈರ್, ಅವರ ವೇಗ ನಿಮ್ಮದಲ್ಲ.

ಎಚ್ಚರಿಕೆ: ಬ್ರೇಕ್ ಜೊತೆ ವಾಲಿರುವಾಗ ಹ್ಯಾಂಡಲ್ ಇದ್ದಕ್ಕಿದ್ದಂತೆ ಹಗುರ ಅನ್ನಿಸಿದರೆ, ಒಳಕ್ಕೆ ಮಡಚಿಕೊಳ್ಳಲು ನೋಡಿದರೆ, ಮುಂದಿನ ಟೈರ್ ಕೈಬಿಡುತ್ತಿದೆ. ಬೆರಳು ಸಡಿಲಿಸಿ. ಲಿವರ್ ಹ್ಯಾಂಡಲ್‌ಗೆ ಹತ್ತಿರ ಬರುತ್ತಿದ್ದರೆ ಆ ಸುತ್ತಿನಲ್ಲೇ ಕೈ ಎತ್ತಿ ಪಿಟ್‌ಗೆ ಬನ್ನಿ.

## ಹಂತ 9: ವಾಲಿಸುವುದು, ಥ್ರಾಟಲ್, ಹೊರಬರುವುದು

ಬಲಕ್ಕೆ ವಾಲಬೇಕಾದರೆ ಬಲ ಹ್ಯಾಂಡಲನ್ನು ಮುಂದೆ ತಳ್ಳಬೇಕು. ಎಡಕ್ಕೆ ಎಡದ್ದು. ಕಣ್ಣು ಯಾವಾಗಲೂ ಒಂದು ಗುರುತು ಮುಂದಿರಲಿ. ಬ್ರೇಕ್ ಹಿಡಿದಾಗ ವಾಲಿಸುವ ಜಾಗ ನೋಡಿ, ವಾಲಿಸುವ ಮುಂಚೆ ಏಪೆಕ್ಸ್ ನೋಡಿ, ಏಪೆಕ್ಸ್ ತಲುಪುವ ಮುಂಚೆ ಹೊರದಾರಿ ನೋಡಿ.

ಹೊಸಬರು ಬಹುತೇಕ ಬೇಗ ವಾಲಿಸುತ್ತಾರೆ. ಬೇಗ ವಾಲಿಸಿದರೆ ಬೇಗ ಒಳಅಂಚಿಗೆ ತಾಗುತ್ತೀರಿ, ಆಮೇಲೆ ತಿರುವು ಇನ್ನೂ ಉಳಿದಿರುತ್ತದೆ, ರಸ್ತೆ ಮುಗಿದಿರುತ್ತದೆ. ಒಂದು ಕ್ಷಣ ಕಾಯಿರಿ. ತಡವಾಗಿ, ಆದರೆ ಚುರುಕಾಗಿ ವಾಲಿಸಿ. ಏಪೆಕ್ಸ್ ಸ್ವಲ್ಪ ಮುಂದೆ ಸರಿಯುತ್ತದೆ, ಹೊರಬರುವ ದಾರಿ ನೇರವಾಗುತ್ತದೆ.

ಥ್ರಾಟಲ್ ಮೊದಲು ಕೂದಲೆಳೆಯಷ್ಟು ತೆರೆಯಿರಿ, ಬೈಕ್ ನೆಮ್ಮದಿಯಾಗಿ ಕೂರಲಿ. ಆಮೇಲೆ ಬೈಕ್ ಎದ್ದಂತೆಲ್ಲ ಜಾಸ್ತಿ ಮಾಡಿ. ಪೂರ್ತಿ ವಾಲಿರುವಾಗ ಥ್ರಾಟಲ್ ಒಮ್ಮೆಲೇ ತಿರುಚಿದರೆ ಹಿಂದಿನ ಟೈರ್ ಜಾರುತ್ತದೆ. ಆಗ ಹೆದರಿ ಪಟ್ಟನೆ ಮುಚ್ಚಿದರೆ ಇನ್ನೂ ಕೆಟ್ಟದ್ದು. ಜಾರುತ್ತಿದ್ದ ಟೈರ್ ಥಟ್ಟನೆ ನೆಲ ಹಿಡಿದು ಬೈಕ್ ನೆಟ್ಟಗೆ ಚಿಮ್ಮಿ ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ಹೈಸೈಡ್ ಅಂದರೆ ಇದೇ. ಜಾರಿದರೆ ಥ್ರಾಟಲ್ ಹಿಡಿದಲ್ಲೇ ಹಿಡಿಯಿರಿ, ಇಲ್ಲವೇ ಮೆಲ್ಲಗೆ ಸ್ವಲ್ಪ ಇಳಿಸಿ.

ವೇಗ ಜಾಸ್ತಿಯಾಗಿ ಒಳಗೆ ಬಂದುಬಿಟ್ಟಿರಾ? ಹೊರಗಿನ ಜಲ್ಲಿ ನೋಡಬೇಡಿ, ನೋಡಿದ ಕಡೆಗೇ ಬೈಕ್ ಹೋಗುತ್ತದೆ. ಒಳಗೆ ನೋಡಿ, ಇನ್ನೊಂದಿಷ್ಟು ವಾಲಿಸಿ. ಬಹಳ ಸಲ ಬೈಕ್‌ಗೆ ಆಗುತ್ತದೆ, ನಮ್ಮ ಧೈರ್ಯ ಮೊದಲು ಮುಗಿದಿರುತ್ತದೆ. ಹುಲ್ಲಿಗೆ ಹೋಗುವುದು ಖಚಿತ ಅನ್ನಿಸಿದರೆ ಬೈಕ್ ನೆಟ್ಟಗೆ ಮಾಡಿ, ಮುಂದಿನ ಬ್ರೇಕ್ ಬಿಟ್ಟು, ನೇರ ಹೋಗಿ, ಹಿಂದಿನ ಬ್ರೇಕ್ ಮೆಲ್ಲಗೆ ಬಳಸಿ. ಬಿದ್ದರೆ ಬೈಕ್ ಕೈಬಿಡಿ. ಜಾರುವುದು ಪೂರ್ತಿ ನಿಂತಿದೆ ಅಂತ ಖಾತ್ರಿಯಾಗುವವರೆಗೆ ಏಳಬೇಡಿ. ಜಾರುತ್ತಿರುವಾಗಲೇ ನಿಂತೆ ಅಂದುಕೊಂಡು ಎದ್ದು ಕಾಲು ಮುರಿದುಕೊಂಡವರಿದ್ದಾರೆ.

## ಹಂತ 10: ಈಗ ಸಸ್ಪೆನ್ಷನ್ ಮುಟ್ಟಿ

ಐದಾರು ಸುತ್ತು ಒಂದೇ ಗುರುತು, ಒಂದೇ ದಾರಿ, ಹೆಚ್ಚುಕಡಿಮೆ ಒಂದೇ ಸಮಯ ಬರುತ್ತಿದ್ದರೆ ಮಾತ್ರ. ತೊಂದರೆ ತಿರುವಿನ ಯಾವ ಭಾಗದಲ್ಲಿ ಅಂತ ಮೊದಲು ಹೇಳಲು ಬರಬೇಕು.

ಬ್ರೇಕ್ ಹಿಡಿದಾಗ ಫೋರ್ಕ್ ತಳ ಮುಟ್ಟುತ್ತಿದ್ದರೆ ಮುಂದಿನ ಕಂಪ್ರೆಶನ್ ಎರಡು ಕ್ಲಿಕ್ ಬಿಗಿ ಮಾಡಿ ನೋಡಿ. ಸಾಲದಿದ್ದರೆ ಸ್ಪ್ರಿಂಗ್ ಯೋಚನೆ ಮಾಡಿ. ವಾಲಿಸುವಾಗ ಬೈಕ್ ಭಾರ, ಸೋಮಾರಿ ಅನ್ನಿಸಿದರೆ ಮೊದಲು ಗಾಳಿ ನೋಡಿ. ಆಮೇಲೆ ಹಿಂಭಾಗದ ಎತ್ತರ, ಅಥವಾ ಫೋರ್ಕನ್ನು ಕ್ಲ್ಯಾಂಪ್‌ನಲ್ಲಿ 2–3 ಮಿ.ಮೀ. ಮೇಲೆ ಸರಿಸುವುದು. ಇದು ಸಣ್ಣ ಅಂಕಿಯಂತೆ ಕಂಡರೂ ಬೈಕ್‌ನ ಸ್ವಭಾವವೇ ಬದಲಾಗುತ್ತದೆ, ಅತಿಯಾದರೆ ನೇರ ರಸ್ತೆಯಲ್ಲಿ ಹ್ಯಾಂಡಲ್ ನಡುಗುತ್ತದೆ. ಹೊರಬರುವಾಗ ಹಿಂಭಾಗ ಕೂತು ಬೈಕ್ ಅಗಲಕ್ಕೆ ಹೋದರೆ ಹಿಂದಿನ ಪ್ರಿಲೋಡ್ ಸ್ವಲ್ಪ, ಇಲ್ಲವೇ ಕಂಪ್ರೆಶನ್ ಎರಡು ಕ್ಲಿಕ್. ಅಲೆಗಳ ಮೇಲೆ ಮಾತ್ರ ಹೀಗಾದರೆ ರಿಬೌಂಡ್ ಸಡಿಲಿಸಿ ನೋಡಿ, ನಾನು ಮಾಡಿದ ತಪ್ಪು ಮಾಡಬೇಡಿ.

ವೇಗ ಕೊಡುವಾಗ ಹ್ಯಾಂಡಲ್ ಅದುರಿದರೆ ಮೊದಲು ಕೈ ಸಡಿಲಿಸಿ. ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ.

ಒಂದು ಬದಲಾವಣೆ ಮಾಡಿ ಏನೂ ಗೊತ್ತಾಗಲಿಲ್ಲ ಅಂದರೆ ಅದನ್ನು ವಾಪಸ್ ಇಟ್ಟು, ಆಮೇಲೆ ಮುಂದಿನದು. ಗೊತ್ತಾಗದ ಬದಲಾವಣೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ.

## ಹಂತ 11: ಯಾವಾಗ ನಿಲ್ಲಿಸಬೇಕು, ಹೊರಡುವ ಮುಂಚೆ ಏನು ಮಾಡಬೇಕು

ಒಂದೇ ಬ್ರೇಕ್ ಗುರುತನ್ನು ಎರಡು ಸುತ್ತು ತಪ್ಪಿಸಿದಿರಿ, ಗೇರ್ ಯಾವುದು ಅಂತ ಮರೆಯುತ್ತಿದ್ದೀರಿ, ಅಂದರೆ ತಲೆ ಸುಸ್ತಾಗಿದೆ. ಮೈಗಿಂತ ಮೊದಲು ತಲೆ ಸುಸ್ತಾಗುತ್ತದೆ. ಪಿಟ್‌ಗೆ ಬಂದು ನೀರು ಕುಡಿಯಿರಿ. ದಿನದ ಕೊನೆಯ ಸೆಷನ್ ಬಿಡುವುದರಲ್ಲಿ ಯಾವ ನಷ್ಟವೂ ಇಲ್ಲ.

ಎಲ್ಲ ಮುಗಿದ ಮೇಲೆ, ಆ ದಿನದ ಗಾಳಿ, ಕ್ಲಿಕ್, ಕೇಬಲ್ ಟೈ ನಿಂತ ಜಾಗ, ಹವೆ, ಎಲ್ಲ ಅಲ್ಲೇ ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ಅರ್ಧ ಮರೆತಿರುತ್ತದೆ. ಪ್ಯಾಡ್ ದಪ್ಪ ನೋಡಿ, ಬೋಲ್ಟ್‌ಗಳ ಪೇಂಟ್ ಗೆರೆ ನೋಡಿ, ಚೈನ್ ಬಿಸಿ ಇರುವಾಗಲೇ ಲ್ಯೂಬ್ ಹಾಕಿ. ಅದೇ ಬೈಕಿನಲ್ಲಿ ರಸ್ತೆಗೆ ಇಳಿಯುವವರಾದರೆ ಕನ್ನಡಿ, ದೀಪ, ನಂಬರ್ ಪ್ಲೇಟ್, ಸ್ಟ್ಯಾಂಡ್ ವಾಪಸ್ ಹಾಕಿ. ಟೈರ್ ಪೂರ್ತಿ ತಣ್ಣಗಾಗಲು ಬಿಟ್ಟು, ಆಮೇಲೆ ರಸ್ತೆಯ ಅಂಕಿಗೆ ಗಾಳಿ ತುಂಬಿ.